ದೇವಕಿಯ ಹಂಬಲ

ಮಕ್ಕಳನ್ನು ಐದು ವರುಷ ಮುದ್ದಿಸಬೇಕು, ಮುಂದೆ ಹತ್ತು ವರುಷ ತಿದ್ದಬೇಕು, ಹದಿನಾರಕ್ಕೆ ಕಾಲಿಟ್ಟೊಡನೆ ಗೆಳೆಯರಂತೆ ಕಾಣಬೇಕು ಎಂಬುದು ಸಂಸ್ಕೃತದಲ್ಲಿ ಬಂದಿರುವ ಹಳೆಯ ನೀತಿ. ಇವುಗಳಲ್ಲಿ ಮೊದಲಿನೆರಡನ್ನು ನಮ್ಮ ಗೃಹಸ್ಥರು ಚೆನ್ನಾಗಿ ಬಲ್ಲರು. ಮೂರನೆಯದಕ್ಕೆ ತಲೆದೂಗುತ್ತಾರೆ, ಆದರೆ ನಡೆಯಲ್ಲಿ ಎರಡನೆಯದನ್ನೇ ಮುಂದುವರಿಸುತ್ತಾರೆ. ಗೆಳೆತನವೆಂದರೆ ಒಡನೆ ಆಡುವುದು, ನಗುವುದು, ಒಮ್ಮೊಮ್ಮೆ ಸೋಲುವುದು ಎಂಬುದು ಅವರ ಎಣಿಕೆಗೆ ಬಂದಿರುವುದಿಲ್ಲ.

ಬಹುಕಾಲ ಪಾಠ ಹೇಳಿದ ನಾವು ಈ ವಯಸ್ಸಿನ ಮಕ್ಕಳನ್ನು ಹತ್ತಿರದಿಂದ ಬಲ್ಲೆವು. ಹದಿನೇಳರ ಹುಡುಗನಿಗೆ ಮೀಸೆ ಚಿಗುರಿದೆ, ದನಿ ಒಡೆದಿದೆ, ಮಾತು ಕಡಿಮೆಯಾಗಿದೆ. ಹೀಗಿರಲು ಒಂದು ಸಂಜೆ ಅವನೇ ಹಿಂದಿನಿಂದ ಬಂದು ತಾಯಿಯ ಕಣ್ಣು ಮುಚ್ಚಿ "ಯಾರು ಹೇಳು" ಎನ್ನುತ್ತಾನೆ. ಹುಡುಗಿಯಾದರೆ ತಂದೆಯ ಕನ್ನಡಕವನ್ನು ಮೂಗಿಗೇರಿಸಿ ಅವನಂತೆಯೇ ಕೆಮ್ಮಿ ತೋರಿಸುತ್ತಾಳೆ. ಆಗ ಮನೆಯಲ್ಲಿ ಕೇಳಬರುವ ಮಾತು ಯಾವುದು? "ಇಷ್ಟು ದೊಡ್ಡವನಾದರೂ ಮಕ್ಕಳಾಟ ಬಿಡಲಿಲ್ಲ, ಪರೀಕ್ಷೆ ಬಂತು, ಹೋಗಿ ಓದು." ಹುಡುಗನು ಹೋಗುತ್ತಾನೆ. ನಾಲ್ಕಾರು ಸಲ ಹೀಗಾದ ಬಳಿಕ ಅವನು ಕಣ್ಣು ಮುಚ್ಚಲು ಬರುವುದೇ ಇಲ್ಲ.

ಇಂಥ ತಾಯಿತಂದೆಗಳು ಉಡುಪಿಯ ಕೃಷ್ಣನನ್ನು ಒಮ್ಮೆ ನೆನೆಯಬೇಕು. 13ನೆಯ ಶತಮಾನದಲ್ಲಿ ಮಧ್ವಾಚಾರ್ಯರು ಪ್ರತಿಷ್ಠೆ ಮಾಡಿದ ಆ ಬಾಲಮೂರ್ತಿಯ ಒಂದು ಕೈಯಲ್ಲಿ ಕಡೆಗೋಲು, ಮತ್ತೊಂದರಲ್ಲಿ ಹಗ್ಗ. ಇದಕ್ಕೆ ಪರಂಪರೆಯಲ್ಲಿ ಒಂದು ಕಥೆಯುಂಟು. ಭಾಗವತದ ಪ್ರಕಾರ ಕೃಷ್ಣನು ವ್ರಜದಲ್ಲಿದ್ದುದು 11 ವರುಷ. ಅವನ ತೊದಲು, ತುಂಟತನ, ಬೆಣ್ಣೆಯ ಕಳವು, ಎಲ್ಲವೂ ಯಶೋದೆಯ ಪಾಲಾದುವು. ಹೆತ್ತ ದೇವಕಿಗೆ ದೊರೆತವನು ಬೆಳೆದ ಮಗನು. ದ್ವಾರಕೆಯ ಸಿರಿಯ ನಡುವೆಯೂ ಆಕೆಗೆ ಈ ಕೊರತೆ ತೀರಲಿಲ್ಲ. ಒಂದು ದಿನ ಅದನ್ನು ಮಗನಲ್ಲಿ ಹೇಳಿಕೊಂಡಳು. ಕೃಷ್ಣನು ಆಗಲೇ ಶಿಶುವಾಗಿ, ತಾಯಿಯ ಮುಂದೆ ಮೊಸರು ಕಡೆದು, ಗಡಿಗೆ ಒಡೆದು, ಬೆಣ್ಣೆ ಮೆದ್ದು, ಕಡೆಗೋಲು ಹಗ್ಗಗಳನ್ನು ಹಿಡಿದು ನಿಂತನು. ಇದನ್ನು ಕಂಡ ರುಕ್ಮಿಣಿಯು ಆ ರೂಪವನ್ನೇ ವಿಶ್ವಕರ್ಮನಿಂದ ಮಾಡಿಸಿ ಪೂಜಿಸಿದಳಂತೆ.

ಗೋಕುಲದ ಮಗು ಆಡಿದುದು ತನ್ನ ಸಂತೋಷಕ್ಕಾಗಿ; ದ್ವಾರಕೆಯ ಮಗನು ಆಡಿದುದು ತಾಯಿಯ ಸಂತೋಷಕ್ಕಾಗಿ. ನಮ್ಮ ಹದಿನೇಳರ ಮಕ್ಕಳ ಆಟವೂ ಬಹುಮಟ್ಟಿಗೆ ಈ ಎರಡನೆಯ ಬಗೆಯದು. ಅವರಿಗೆ ಗೆಳೆಯರಿದ್ದಾರೆ, ಕೈಯಲ್ಲಿ ಮೊಬೈಲಿದೆ, ಅದರೊಳಗೆ ಒಂದು ಲೋಕವೇ ಇದೆ. ಅದೆಲ್ಲವನ್ನೂ ಬದಿಗಿಟ್ಟು ಅಡಿಗೆಮನೆಯ ಹೊಸಿಲವರೆಗೆ ಬಂದರೆಂದರೆ ಅದನ್ನು ಪ್ರಸಾದವೆಂದೇ ತಿಳಿಯಬೇಕು. ಪ್ರಸಾದವನ್ನು ಯಾರೂ ತೂಗಿ ನೋಡುವುದಿಲ್ಲ, ನಾಳೆ ಕೊಡು ಎನ್ನುವುದಿಲ್ಲ. ಬಂದ ಹೊತ್ತಿಗೆ ಕೈಯೊಡ್ಡುತ್ತಾರೆ.

ಓದು ಕೆಡುವುದಿಲ್ಲವೆ ಎಂದು ಕೆಲವರು ಕೇಳಬಹುದು. ಕಾಲು ಗಂಟೆಯ ನಗೆಯಿಂದ ಕೆಟ್ಟ ಓದನ್ನು ನಾವು ಕಂಡಿಲ್ಲ. ಮನೆಯಲ್ಲಿ ನಗಲು ಬಲ್ಲ ಹುಡುಗನು ಅಂಕ ಕಡಿಮೆ ಬಂದ ದಿನವೂ ಮನೆಗೆ ಬಂದು ಹೇಳುತ್ತಾನೆ; ನಗಲು ಅಂಜುವವನು ಅದನ್ನು ಬಚ್ಚಿಡುತ್ತಾನೆ. ಇದು ನಮ್ಮ ಅನುಭವದ ಮಾತು.

ಆದರೆ ಆಟವನ್ನು ಬಲವಂತದಿಂದ ಬೇಡಬಾರದು. ಯಶೋದೆಯು ಕೃಷ್ಣನನ್ನು ಒರಳಿಗೆ ಕಟ್ಟಹೋದಾಗ ಎಷ್ಟು ಹಗ್ಗ ಸೇರಿಸಿದರೂ ಎರಡಂಗುಲ ಸಾಲದಾಯಿತೆಂದು ಭಾಗವತದ ದಶಮಸ್ಕಂಧದಲ್ಲಿದೆ. ಕೊನೆಗೆ ತಾಯಿಯ ದಣಿವನ್ನು ಕಂಡು ಅವನೇ ಕನಿಕರದಿಂದ ಕಟ್ಟುಬಿದ್ದನು. ಬೆಳೆದ ಮಕ್ಕಳ ವಿಷಯದಲ್ಲಿಯೂ ಹಗ್ಗ ನಮ್ಮದು, ಆ ಎರಡಂಗುಲ ಅವರದು. ಅವರು ಕೊಡದ ದಿನ ಸುಮ್ಮನಿರುವುದನ್ನೂ ಕಲಿಯಬೇಕು.

ಪಿ.ಯು. ಪರೀಕ್ಷೆ ಮುಗಿದೊಡನೆ ಎಷ್ಟೋ ಮನೆಗಳಿಂದ ಮಕ್ಕಳು ಬೇರೆ ಊರಿನ ಹಾಸ್ಟೆಲಿಗೆ ಹೊರಡುತ್ತಾರೆ. ಆಮೇಲೆ ಅವರು ಬರುವುದು ರಜೆಗೆ, ನೆಂಟರಂತೆ. ಆದುದರಿಂದ ಸೋದರಿಯರೇ, ಸೋದರರೇ, ಅಟ್ಟದ ಮೇಲಿನ ಚೌಕಾಬಾರದ ಮಣೆಯನ್ನು ಈ ವಾರವೇ ಇಳಿಸಿ ಧೂಳು ಒರಸಿರಿ. ದೇವರಿಗೆ ದೀಪ ಹಚ್ಚಿದ ಬಳಿಕ ಅದನ್ನು ನಡುಮನೆಯಲ್ಲಿ ಹಾಸಿ, ಕವಡೆಗಳನ್ನು ಪಕ್ಕದಲ್ಲಿಟ್ಟು, ಯಾರನ್ನೂ ಕರೆಯದೆ ಕುಳಿತಿರಿ.