ಮೈ ಕಾಯಲಿ, ಆಮೇಲೆ ಚೆಂಡು

ಭಾನುವಾರ ಬೆಳಗಿನ ಲೋಕಲ್ ಗಾಡಿಯಲ್ಲಿ ಡೊಂಬಿವಲಿಯಿಂದಲೋ ವಿರಾರಿನಿಂದಲೋ ಕ್ರಿಕೆಟ್ ಕಿಟ್ ಹೊತ್ತು ಹೊರಡುವ ಹುಡುಗರನ್ನು ವಾಚಕರು ನೋಡಿರಬಹುದು. ಅವರಲ್ಲಿ ನಮ್ಮ ಕನ್ನಡದ ಮನೆಗಳ ಮಕ್ಕಳೂ ಉಂಟು. ಗಂಟೆಗೂ ಮಿಕ್ಕಿ ಗಾಡಿಯಲ್ಲಿ ಮುದುಡಿ ನಿಂತು ಆಜಾದ್ ಮೈದಾನಕ್ಕೆ ಬಂದವರು, ಬಗ್ಗಿ ಎರಡು ಸಲ ಕಾಲ್ಬೆರಳು ಮುಟ್ಟಿ, ನೇರವಾಗಿ ಬೌಲಿಂಗಿಗೆ ಓಡುತ್ತಾರೆ. ಇಷ್ಟು ಮಾಡಿದರೆ ಗಾಯವಾಗದು ಎಂಬ ನಂಬಿಕೆ ತಂದೆತಾಯಿಗಳಲ್ಲಿಯೂ ಇದೆ.

ಆ ನಂಬಿಕೆಗೆ ಆಧಾರ ಸಾಲದು. ಆಸ್ಟ್ರೇಲಿಯದ ಸೈನ್ಯಕ್ಕೆ ಹೊಸದಾಗಿ ಸೇರಿದ 1,538 ಮಂದಿಯ ಮೇಲೆ ನಡೆದ ಪರೀಕ್ಷೆಯ ಫಲ 2000ದಲ್ಲಿ ಪ್ರಕಟವಾಯಿತು. ಕಸರತ್ತಿಗೆ ಮುಂಚೆ ಕಾಲಿನ ಸ್ನಾಯುಗಳನ್ನು ಎಳೆದು ಹಿಡಿದವರಿಗೂ ಹಾಗೆ ಮಾಡದವರಿಗೂ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. 2008ರಲ್ಲಿ ನಾರ್ವೆಯಿಂದ ಬೇರೊಂದು ಸಂಗತಿ ತಿಳಿದುಬಂತು. ಅಲ್ಲಿ ಫುಟ್‌ಬಾಲ್ ಆಡುವ 13ರಿಂದ 17 ವರ್ಷದ ಹುಡುಗಿಯರು ಮೊದಲು ಮೆಲ್ಲಗೆ ಓಡಿ, ಅನಂತರ ಬಸ್ಕಿ, ಜಿಗಿತ, ಒಂಟಿಕಾಲಿನ ನಿಲುವು ಎಂದು ಸುಮಾರು 20 ನಿಮಿಷ ಮೈ ಕಾಯಿಸಿಕೊಂಡರು. ಅಂಥ ತಂಡಗಳಲ್ಲಿ ದೊಡ್ಡ ಗಾಯಗಳು ಬಹಳ ಕಡಿಮೆಯಾದವು. ನಮ್ಮೂರ ಗರಡಿಯ ಉಸ್ತಾದರು ಇದನ್ನು ಕೇಳಿದರೆ ನಕ್ಕಾರು. ಬಸ್ಕಿ ಹೊಡೆಯದೆ ಪೈಲವಾನನನ್ನು ಅವರು ಅಖಾಡಕ್ಕೆ ಬಿಟ್ಟಾರೆಯೆ?

ಆದರೆ ಎಳೆಯ ಬೌಲರನ ಮುಖ್ಯ ವೈರಿ ಬೇರೆಯೇ ಇದೆ. ಶಾಲೆಯ ತಂಡ, ಕೋಚಿಂಗ್ ಕ್ಲಾಸು, ಸೊಸೈಟಿಯ ಪಂದ್ಯ, ಹೀಗೆ ಒಂದೇ ವಾರದಲ್ಲಿ ಮೂರು ಕಡೆ ಬೌಲ್ ಮಾಡುವವರಿದ್ದಾರೆ. ಒಬ್ಬೊಬ್ಬ ತರಬೇತುದಾರನೂ ತನ್ನ ಕಡೆಯ ಓವರುಗಳನ್ನಷ್ಟೇ ಬಲ್ಲ; ಮೊತ್ತ ಹಾಕುವವರು ಯಾರೂ ಇಲ್ಲ. ದಿನವೆಲ್ಲ ಕಛೇರಿಯಲ್ಲಿ ಅಂಕಿ ಕೂಡಿಸುವ ನಮ್ಮಂಥ ಗುಮಾಸ್ತರಿಗೆ ಇದು ವಿಚಿತ್ರವಾಗಿ ತೋರುತ್ತದೆ. ಬೆಳೆಯುವ ಹುಡುಗರ ಮೂಳೆ ಇನ್ನೂ ಬಲಿತಿರುವುದಿಲ್ಲ. ವೇಗದ ಬೌಲಿಂಗಿನಲ್ಲಿ ಸೊಂಟ ಬಾಗಿ ತಿರುಚಿ, ತಿರುಚಿ, ಬೆನ್ನೆಲುಬಿನ ಕೆಳಭಾಗದಲ್ಲಿ ಕೂದಲೆಳೆಯಂಥ ಬಿರುಕು ಬಿಡಬಹುದು. ಪೂರ್ಣ ಬೆಳೆದ ಜಸ್‌ಪ್ರೀತ್ ಬುಮ್ರಾ ಅವರೇ 2019ರಲ್ಲಿ ಇಂಥ ಬಿರುಕಿನಿಂದಾಗಿ ತಂಡದ ಹೊರಗುಳಿಯಬೇಕಾಯಿತು.

ಮನೆಯಲ್ಲೊಂದು ನೋಟ್‌ಬುಕ್ ಇಡಿರಿ. ಮೂರೂ ಕಡೆಯ ಓವರುಗಳನ್ನು, ನೆಟ್ಸಿನವನ್ನೂ ಸೇರಿಸಿ, ತಾರೀಖಿನೊಡನೆ ಬರೆದು ವಾರಕ್ಕೊಮ್ಮೆ ಕೂಡಿಸಿರಿ. ಮೊತ್ತ ಒಮ್ಮೆಗೇ ಏರಿದ್ದರೆ ಸೊಸೈಟಿಯ ಪಂದ್ಯ ಒಂದು ತಪ್ಪಲಿ. ನೆರೆಯವರು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಆಯ್ಕೆ ಕೈತಪ್ಪೀತೆಂದು ಹುಡುಗರು ನೋವನ್ನು ಬಚ್ಚಿಡುತ್ತಾರೆ, ಅದರಲ್ಲಿಯೂ ತಂದೆಯ ಮುಂದೆ. ತಾಯಂದಿರು ಕೇಳಿದರೆ ಬೇಗ ಹೊರಬಿದ್ದೀತು. ಬೌಲ್ ಮಾಡುವಾಗ ಸೊಂಟದ ಒಂದೇ ಪಕ್ಕ ನೋಯುತ್ತಿದ್ದರೆ ಅಂದೇ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿರಿ. ಆರಂಭದ ಬಿರುಕು ಎಕ್ಸ್‌-ರೇಯಲ್ಲಿ ಕಾಣದೆ ಎಂಆರ್‌ಐಯಲ್ಲಿ ಕಾಣುವುದುಂಟು. ಹೋಗುವಾಗ ಆ ನೋಟ್‌ಬುಕ್ಕನ್ನೂ ಒಯ್ಯಿರಿ.