ದಾನವೂ ದೃಶ್ಯಮುದ್ರಣವೂ

ತನಗೂ ಪರರಿಗೂ ಹಿತವಾಗಲೆಂದು ತನ್ನದನ್ನು ತ್ಯಜಿಸುವುದೇ ದಾನವೆಂಬುದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಆಶಯ. 2020ರ ಲಾಕ್‌ಡೌನ್ ಕಾಲದಲ್ಲಿ ಅಕ್ಕಿ, ಬೇಳೆ ಹಂಚಿದ ಉದಾರಿಗಳು ಅನೇಕರು. ಚೀಲಕ್ಕೆ ಕೈಯೊಡ್ಡಿದ ಬಡವನ ಮುಖವನ್ನು ಮೊಬೈಲಿನಲ್ಲಿ ಸೆರೆಹಿಡಿದು ಊರೆಲ್ಲ ಹರಡಿದವರೂ ಕಡಿಮೆಯಿರಲಿಲ್ಲ. ಇದು ಮಾನಕಷಾಯವಲ್ಲದೆ ಮತ್ತೇನು?

ಹಾಗೆಂದು ಯಂತ್ರವನ್ನೇ ದೂರುವುದು ಅವಿವೇಕ. ಅದೇ ವರ್ಷದ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಇ-ಸಂಜೀವನಿಯು, ರೋಗಿಯು ಮನೆಯಿಂದಲೇ ವಿಡಿಯೋ ಮೂಲಕ ಉಚಿತವಾಗಿ ವೈದ್ಯರನ್ನು ಕಾಣುವ ದಾರಿ ತೆರೆಯಿತು. ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯಂಥ ಹೋಬಳಿಯ ಹಳ್ಳಿಗಳಲ್ಲಿ, ಮೊಬೈಲು ಬಳಸಲರಿಯದ ವೃದ್ಧೆಯ ಪಕ್ಕದಲ್ಲಿ ಕುಳಿತು ಅದನ್ನು ತೆರೆದುಕೊಡುವ ಯುವಕರು ಬೇಕು. ವೈದ್ಯರು ಬರೆದ ಮದ್ದನ್ನು ತಂದುಕೊಡುವವರು ಬೇಕು. ಔಷಧದಾನವೆಂದರೆ ಇಂದು ಇದೂ ಹೌದು. ಯಾವ ಊರಿಗೆ ಯಾವ ಮದ್ದು ಬೇಕು, ತಲುಪಿತೇ ಇಲ್ಲವೇ ಎಂಬ ಒಂದೇ ಪಟ್ಟಿಯನ್ನು ಅಂತರಜಾಲದಲ್ಲಿಟ್ಟು, ಊರಿನ ಯುವಕರೂ ಬೆಂಗಳೂರಿನ ದಾನಿಗಳೂ ಕೂಡಿ ತುಂಬಬಹುದು. ಅದರಲ್ಲಿ ರೋಗಿಯ ಹೆಸರು ಬೇಡ, ಕ್ರಮಸಂಖ್ಯೆ ಸಾಕು.

ದಾನಿಗಳಿಗೆ ಲೆಕ್ಕ ತೋರಿಸಬೇಡವೇ ಎಂದು ಬಸದಿಯ ಧರ್ಮದರ್ಶಿಗಳು ಕೇಳಿಯಾರು. ಧಾರಾಳವಾಗಿ ತೋರಿಸಲಿ: ಖರೀದಿಯ ರಸೀದಿ, ದಾಸ್ತಾನಿನ ಪುಸ್ತಕ, ಉಳಿದ ಹಣ. ಇವುಗಳಿಗೆ ಪಡೆದವರ ಮುಖದ ಸಾಕ್ಷಿ ಏಕೆ ಬೇಕೆಂಬುದನ್ನು ಕ್ಯಾಮೆರಾ ಹಿಡಿದು ಹೊರಟವರೇ ಹೇಳಬೇಕು.