ವೇಷ ಕಂಡ ಊರಿನ ಪ್ರಶ್ನೆ

ವಿಚಿತ್ರ ಉಡುಗೆ ತೊಟ್ಟು ಬೀದಿಗಿಳಿದ ಕಲಾವಿದರನ್ನು ಕಂಡು ಜನ ನಕ್ಕಾಗ, ಬೈದಾಗ ಒಂದು ಮಾತು ಕೇಳಿಬರುತ್ತದೆ: ಇಂಥ ಕಲೆ ನೋಡುವ ಕಣ್ಣು ನಮ್ಮ ಊರುಗಳಿಗಿಲ್ಲ, ಅದೇನಿದ್ದರೂ ಬೆಂಗಳೂರಿಗೆ ಸರಿ. ಕಲೆಯ ಮೇಲಿನ ಪ್ರೀತಿಯಿಂದಲೇ ಹೀಗೆನ್ನುವವರ ಬಗ್ಗೆ ನನಗೆ ಗೌರವವಿದೆ. ಮಾತನ್ನು ಮಾತ್ರ ಒಪ್ಪಲಾರೆ.

ಮೊಹರಂ ಬಂತೆಂದರೆ ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಹರಕೆ ಹೊತ್ತವರು ಮೈಗೆಲ್ಲ ಬಣ್ಣ ಬಳಿದು ಹುಲಿಯಾಗುತ್ತಾರೆ. ಅವರಲ್ಲಿ ಹಿಂದೂಗಳೂ ಇರುತ್ತಾರೆ. ಬುಡ್ಗ ಜಂಗಮರ ಹಗಲುವೇಷಕ್ಕೆ ರಂಗವೂ ಬೇಡ, ಪರದೆಯೂ ಬೇಡ. ಹಾರ್ಮೋನಿಯಂ, ತಬಲಾ ಸಮೇತ ರಾಮ–ರಾವಣರು ಹಾಡುಹಗಲೇ ಮನೆಯಂಗಳಕ್ಕೆ ಬಂದು ನಿಲ್ಲುತ್ತಾರೆ. ಮಕ್ಕಳು ಹೆದರಿ ಓಡುತ್ತಾರೆ, ಕಥೆ ಬಲ್ಲ ಹಿರಿಯರು ಮಾತಿಗೆ ಮಾತು ಸೇರಿಸುತ್ತಾರೆ, ಹೆಂಗಸರು ಮೊರದಲ್ಲಿ ಜೋಳ ತರುತ್ತಾರೆ. ಗ್ಯಾಲರಿಯ ಮೌನವೇ ರಸಿಕತೆಯೆಂದು ಕಲಿತವರಿಗೆ ಇದು ಬರೀ ಗದ್ದಲ. ನನಗೆ ಇದು ತಲೆಮಾರುಗಳಿಂದ ಪಳಗಿದ ನೋಟ. ‘ಯಾಕ ಈ ವೇಷ?’ ಎಂದು ಊರು ಕೇಳುತ್ತದೆ, ವೇಷಗಾರ ಉತ್ತರ ಕೊಡುತ್ತಾನೆ.

ಬೆಂಗಳೂರಿನಲ್ಲೂ ನಡೆದದ್ದು ಇದೇ ಅಲ್ಲವೇ? 2019ರ ಸೆಪ್ಟೆಂಬರ್‌ನಲ್ಲಿ ಕಲಾವಿದ ಬಾದಲ್ ನಂಜುಂಡಸ್ವಾಮಿ, ನಟ ಪೂರ್ಣಚಂದ್ರ ಮೈಸೂರು ಅವರಿಗೆ ಗಗನಯಾತ್ರಿಯ ದಿರಿಸು ತೊಡಿಸಿ ಹೇರೋಹಳ್ಳಿಯ ಗುಂಡಿಬಿದ್ದ ರಸ್ತೆಯಲ್ಲಿ ನಡೆಸಿದರು. ಚಂದ್ರಯಾನ-2ರ ದಿನಗಳವು. ವೇಷಕ್ಕೆ ಉತ್ತರ ಕಾಲಬುಡದಲ್ಲೇ ಇತ್ತು. ಜನ ಮೆಚ್ಚಿದರು, ಪಾಲಿಕೆ ರಸ್ತೆ ರಿಪೇರಿಗೆ ಇಳಿಯಿತು. ಆದ್ದರಿಂದ ಜನ ಕೇಳುವ ಪ್ರಶ್ನೆಯನ್ನು ಕಲೆಯ ಮೇಲಿನ ದಾಳಿಯೆಂದು ಭಾವಿಸುವುದು ತಪ್ಪು. ಕಲ್ಲು ಎತ್ತಿಕೊಂಡವನ ಮಾತು ಬೇರೆ. ಅವನ ಪರವಾಗಿ ನನ್ನಲ್ಲಿ ವಾದವಿಲ್ಲ.

ಊರಿನ ಈ ರಸಿಕತೆಯನ್ನೇ ಹಿಡಿದು ‘ನಮ್ಮದು ಎಲ್ಲರನ್ನೂ ಒಪ್ಪಿಕೊಂಡ ನೆಲ’ ಎಂದು ಬೀಗುವವರ ಜತೆಗೂ ನನಗೆ ತಕರಾರಿದೆ. ಕೊಪ್ಪಳ ತಾಲ್ಲೂಕಿನ ಹುಲಿಗಿಯಲ್ಲಿ, ಗಂಡಾಗಿ ಹುಟ್ಟಿ, ದೇವಿ ಹುಲಿಗೆಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಸೀರೆಯುಟ್ಟ ಜೋಗಪ್ಪಗಳಿಗೆ ಭಕ್ತರು ಕೈಮುಗಿಯುತ್ತಾರೆ. ಅಂಥವರಲ್ಲೊಬ್ಬರಾದ ಮಂಜಮ್ಮ ಜೋಗತಿ ದೀಕ್ಷೆ ಪಡೆದದ್ದೂ ಅಲ್ಲಿಯೇ. ಆದರೂ ಅವರು ಮನೆ ತೊರೆದು ಭಿಕ್ಷೆ ಬೇಡಿ ಬದುಕಬೇಕಾಯಿತು. ಮುಂದೆ ಜೋಗತಿ ನೃತ್ಯ ಅವರನ್ನು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷತೆಗೆ, 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನಕ್ಕೆ ಕರೆದೊಯ್ದಿತು. ಪದ್ಮಶ್ರೀ ಪಡೆಯುವ ಮುನ್ನ ಅವರು ಸೆರಗು ಹಿಡಿದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರ ದೃಷ್ಟಿ ತೆಗೆದದ್ದನ್ನು ದೇಶವೇ ಮೆಚ್ಚಿತು. ಒಮ್ಮೆ ಹೊಸ್ತಿಲಾಚೆ ನಿಲ್ಲಿಸಿದ್ದೂ ಇಂಥದೇ ಸೀರೆಯನ್ನು. ನಮ್ಮ ಒಪ್ಪಿಗೆ ಸಂದದ್ದು ದೇವಿಗೆ, ಪದಕಕ್ಕೆ, ಉಟ್ಟವರಿಗಲ್ಲ.

ಅದೇ ವರ್ಷ ರಾಜ್ಯ ಸರ್ಕಾರ ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ಹುದ್ದೆಗಳಲ್ಲಿ ಶೇ 1ರಷ್ಟು ಮೀಸಲಾತಿ ತಂದಿತು. ಹಾಗೆ ಕೆಲಸ ಸಿಕ್ಕವರೊಬ್ಬರು ನಾಳೆ ಗಂಗಾವತಿಯಲ್ಲಿ ಬಾಡಿಗೆ ಮನೆ ಕೇಳಿ ಬಂದರೆ ಅವರ ತಲೆಯ ಮೇಲೆ ಜೋಗತಿ ನೃತ್ಯದ ಕೊಡವಿರುವುದಿಲ್ಲ, ಹಿಂದೆ ಚೌಡಿಕೆ ವಾದ್ಯದ ನಾದವೂ ಇರುವುದಿಲ್ಲ. ಅವರಿಗೆ ಯಾವ ವಿವರಣೆಯನ್ನೂ ಕೇಳದೆ, ಬಾಡಿಗೆ ಎಷ್ಟೆಂದಷ್ಟೇ ಹೇಳಿ ಕೀಲಿ ಕೊಡಬೇಕು.